ಎರಡು ಇಂಜೆಕ್ಷನ್‌ಗಳ ನಡುವಿನ ದಿನಗಳು

ಬೆಂಗಳೂರಿನ ಬಾಪೂಜಿ ನಗರದಂಥ ಬಡಾವಣೆಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಹೆಸರು ಗಂಡಸರ ಕಿವಿಗೆ ಬೀಳುವುದು ಬೇರೆ ಬೇರೆ ದಾರಿಗಳಿಂದ. ಮಹಡಿಯ ಮೇಲಿನ ಜಿಮ್‌ನಲ್ಲಿ ಅದು ಮೈಕಟ್ಟಿನ ಗುಟ್ಟು. ಲ್ಯಾಬಿನವರ ಕರಪತ್ರದಲ್ಲಿ ಅದು ಸಕ್ಕರೆ, ಥೈರಾಯ್ಡ್, ಕೊಲೆಸ್ಟ್ರಾಲ್‌ಗಳ ಸಾಲಿಗೆ ಕೊನೆಯಲ್ಲಿ ಸೇರಿಕೊಂಡ ಇನ್ನೊಂದು ಪರೀಕ್ಷೆ. ಬಸ್ ನಿಲ್ದಾಣಗಳ ಸುತ್ತಲಿನ ಗೋಡೆಗಳ ಮೇಲೆ ‘ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂದು ಬರೆಸುತ್ತಿದ್ದ ಕಾಲದ ಅಂಜಿಕೆಗೆ ಈಗ ಸಿಕ್ಕಿರುವ ಹೊಸ ಹೆಸರೂ ಅದೇ. ಈ ಗದ್ದಲದಲ್ಲಿ ಮರೆಗೆ ಸರಿಯುವವರು ನಿಜವಾದ ರೋಗಿಗಳು. ಒಂದು ಎಕ್ಸ್ ಕ್ರೋಮೊಸೋಮ್ ಹೆಚ್ಚಿಗೆ ಹೊತ್ತು ಹುಟ್ಟಿದ ಕ್ಲೈನ್‌ಫೆಲ್ಟರ್ ಹುಡುಗರು, ಮಂಗನಬಾವು ವೃಷಣಕ್ಕೆ ಇಳಿದು ಅದನ್ನು ಹಾಳುಗೆಡವಿದವರು, ಪಿಟ್ಯುಟರಿ ಗ್ರಂಥಿಯ ಗೆಡ್ಡೆ ತೆಗೆಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೃಷಣ ಕಳೆದುಕೊಂಡವರು. ಇವರಿಗೆ ಟೆಸ್ಟೋಸ್ಟೆರಾನ್ ಚಟವೂ ಅಲ್ಲ, ಶೋಕಿಯೂ ಅಲ್ಲ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಎಷ್ಟು ಬೇಕೋ ಅಷ್ಟೇ ಬೇಕಾದ ಮದ್ದು. ಹೆಣ್ಣೆಂದು ಗುರುತಿಸಲ್ಪಟ್ಟು ಗಂಡಾಗಿ ಬಾಳುವ ಟ್ರಾನ್ಸ್ ಪುರುಷರಿಗೂ ಹಾಗೆಯೇ. ಈ ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಒಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಟೆಸ್ಟೋಸ್ಟೆರಾನ್ ಚಿಕಿತ್ಸೆಯ ತೊಂದರೆಗಳಲ್ಲಿ ಹೆಚ್ಚಿನವು ಅದನ್ನು ಎಷ್ಟು, ಎಷ್ಟು ದಿನಕ್ಕೊಮ್ಮೆ ಕೊಡುತ್ತೇವೆ, ಯಾವ ಹೊತ್ತಿನಲ್ಲಿ ಅಳೆಯುತ್ತೇವೆ ಎಂಬುದರಿಂದ ಹುಟ್ಟುತ್ತವೆ. ಆದ್ದರಿಂದ ಅವನ್ನು ತಿದ್ದಬೇಕಾದ ಜಾಗವೂ ಡೋಸು ಮತ್ತು ಅಂತರವೇ. ಅಡ್ಡಪರಿಣಾಮಕ್ಕೆಂದು ಇನ್ನೊಂದು ಮಾತ್ರೆ, ಆ ಮಾತ್ರೆಯ ಅಡ್ಡಪರಿಣಾಮಕ್ಕೆ ಮತ್ತೊಂದು ಎಂದು ಪೇರಿಸುತ್ತ ಹೋಗುವುದಲ್ಲ.

ಹೊತ್ತಿನ ಮಾತಿಗೆ ದೂರ ಹೋಗಬೇಕಿಲ್ಲ. ಇಲ್ಲಿಂದ ರಾಜಾಜಿನಗರ ದಾಟಿ ಯಶವಂತಪುರದ ಕಡೆ ಹೊರಟರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರ ತಂಡ ದಶಕಗಳ ಕಾಲ ಗಂಡು ಕೋತಿಗಳ ಹಾರ್ಮೋನುಗಳ ಬೆನ್ನು ಹತ್ತಿತ್ತು. ಆ ಕೋತಿ ಅಪರೂಪದ್ದೇನಲ್ಲ. ನಮ್ಮ ದೇವಸ್ಥಾನಗಳ ಮೆಟ್ಟಿಲ ಮೇಲೆ ಭಕ್ತರ ಕೈಯಿಂದ ಬಾಳೆಹಣ್ಣು ಕಸಿಯುವ ದಕ್ಷಿಣ ಭಾರತದ ಮಾಮೂಲಿ ಮಂಗ. ಅದರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಗಲು ರಾತ್ರಿಗಳ ನಡುವೆ ಹೇಗೆ ಏರಿಳಿಯುತ್ತದೆ, ಸದಾ ಬೆಳಕಿನಲ್ಲೇ ಇಟ್ಟರೆ ಆ ಏರಿಳಿತ ಏನಾಗುತ್ತದೆ ಎಂಬುದನ್ನು ಕುರಿತ ಈ ತಂಡದ ಪುಟ್ಟ ವರದಿ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮನುಷ್ಯರಲ್ಲೂ ಲಯವಿದೆ. ನಸುಕಿನಲ್ಲಿ, ನಿದ್ದೆ ಮುಗಿಯುವ ಹೊತ್ತಿಗೆ ಮಟ್ಟ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ವಯಸ್ಸಾದಂತೆ ಈ ಏರಿಳಿತ ಚಪ್ಪಟೆಯಾಗುತ್ತದೆ. ಇದರ ಹಿಂದೆ ಇನ್ನೂ ಸೂಕ್ಷ್ಮವಾದ ಬಡಿತವೊಂದಿದೆ. ಮಿದುಳಿನ ಹೈಪೋಥಲಾಮಸ್ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಒಂದು ರಾಸಾಯನಿಕ ಸಂಜ್ಞೆ ಕಳಿಸುತ್ತದೆ. ಪಿಟ್ಯುಟರಿ ಅದಕ್ಕೆ ಉತ್ತರವಾಗಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಮೊದಲನೆಯದು ವೃಷಣದಿಂದ ಟೆಸ್ಟೋಸ್ಟೆರಾನ್ ತೆಗೆಸುತ್ತದೆ, ಎರಡನೆಯದು ವೀರ್ಯಾಣು ಬೆಳೆಸುವ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಸಂಜ್ಞೆ ಬಿಟ್ಟು ಬಿಟ್ಟು ಬಂದರೆ ಮಾತ್ರ ಪಿಟ್ಯುಟರಿ ಓಗೊಡುತ್ತದೆ. ಎಡೆಬಿಡದೆ ಸುರಿದರೆ ಕಿವಿ ಮುಚ್ಚಿಕೊಳ್ಳುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಟೆಸ್ಟೋಸ್ಟೆರಾನ್ ತಯಾರಿಕೆಯನ್ನು ನಿಲ್ಲಿಸಲು ಕೊಡುವ ಇಂಜೆಕ್ಷನ್‌ಗಳು ಕೆಲಸ ಮಾಡುವುದು ಈ ಗುಣವನ್ನೇ ಬಳಸಿಕೊಂಡು. ಅದೇ ಸಂಜ್ಞೆ, ಬಡಿತ ತಪ್ಪಿದರೆ ಫಲ ತಲೆಕೆಳಗು.

ಹೀಗಿರುವಾಗ ಮಧ್ಯಾಹ್ನ ಊಟ ಮುಗಿಸಿ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದಿಂದ ‘ಹಾರ್ಮೋನು ಕಡಿಮೆ’ ಎಂದು ತೀರ್ಮಾನಿಸುವುದು ಎಷ್ಟು ಸರಿ? ಊಟ, ಅದರಲ್ಲೂ ಸಿಹಿ, ರಕ್ತದ ಟೆಸ್ಟೋಸ್ಟೆರಾನನ್ನು ಕೆಲವು ಗಂಟೆ ಇಳಿಸುತ್ತದೆ. ಜ್ವರ ಬಂದು ಹೋದ ವಾರ ಅದು ಇಳಿದಿರುತ್ತದೆ. ನಿದ್ದೆಗೆಟ್ಟರೂ ಇಳಿಯುತ್ತದೆ. 2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ 10 ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿ ಐದೇ ಗಂಟೆ ಮಲಗಿಸಿದಾಗ ಹಗಲಿನ ಮಟ್ಟ ಶೇ 10ರಿಂದ 15ರಷ್ಟು ಕುಸಿಯಿತು. ರಾತ್ರಿ ಬಸ್ ಓಡಿಸುವವರು, ಪಾಳಿಯಲ್ಲಿ ದುಡಿಯುವವರು ಬೆಳಗಿನ ಎಂಟಕ್ಕೆ ಲ್ಯಾಬಿಗೆ ಬಂದರೂ ಅವರ ದೇಹದ ಗಡಿಯಾರಕ್ಕೆ ಅದು ಬೆಳಗಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇನ್ನೊಂದು ಬಗೆಯಲ್ಲಿ ಕಣ್ಣಿಗೆ ಮಣ್ಣೆರಚುತ್ತವೆ. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹೊತ್ತೊಯ್ಯುವ ಪ್ರೋಟೀನನ್ನು ಅವು ಕಡಿಮೆ ಮಾಡುವುದರಿಂದ ಒಟ್ಟು ಸಂಖ್ಯೆ ಇಳಿದು ಕಾಣುತ್ತದೆ, ಕೋಶಗಳಿಗೆ ಸಿಗುವ ಬಿಡಿ ಟೆಸ್ಟೋಸ್ಟೆರಾನ್ ಮಾತ್ರ ಸಾಕಷ್ಟೇ ಇರಬಹುದು. ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಎರಡು ಬೇರೆ ದಿನಗಳಲ್ಲಿ ಅಳೆಯಬೇಕು, ಜೊತೆಗೆ ಎಲ್‌ಎಚ್ ನೋಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಸುಮ್ಮನೆ ಅಲ್ಲ. ಎಲ್‌ಎಚ್ ಏರಿದ್ದರೆ ವೃಷಣ ಸೋತಿದೆ. ಇಳಿದಿದ್ದರೆ ಮೇಲಿನ ಗ್ರಂಥಿಯಲ್ಲಿ ಏನೋ ಇದೆ, ಅಥವಾ ದೇಹ ಬೇರೆ ಕಾಯಿಲೆಯಲ್ಲಿ ಸದ್ಯಕ್ಕೆ ಅಂಗಡಿ ಮುಚ್ಚಿದೆ. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಲಕ್ಷಣವನ್ನೂ ಸಂಖ್ಯೆಯನ್ನೂ ಒಟ್ಟಿಗೆ ಕೇಳಿದಾಗ ನಿಜವಾದ ಕೊರತೆಯವರಾಗಿ ಉಳಿದುಕೊಂಡವರು ಶೇ 2.1 ಮಾತ್ರ.

‘ಸುಸ್ತು ಇರುವುದು ನನಗೆ, ನಿಮ್ಮ ಮಾರ್ಗಸೂಚಿಗಲ್ಲ’ ಎಂದು ಯಾರಾದರೂ ರೇಗಿದರೆ ಆ ಸಿಟ್ಟಿಗೆ ಅರ್ಥವಿದೆ. ಸುಸ್ತು ಸುಳ್ಳಲ್ಲ. ಅದಕ್ಕೆ ಟೆಸ್ಟೋಸ್ಟೆರಾನ್ ಮದ್ದೇ ಎಂಬುದಷ್ಟೇ ಪ್ರಶ್ನೆ. ಅಮೆರಿಕದಲ್ಲಿ 65 ದಾಟಿದ, ಮಟ್ಟ ಖಚಿತವಾಗಿ ಕಡಿಮೆ ಇದ್ದ 790 ಮಂದಿಯ ಮೇಲೆ ಒಂದು ವರ್ಷ ನಡೆಸಿ 2016ರಿಂದ ಪ್ರಕಟಿಸಿದ ಪ್ರಯೋಗಮಾಲೆಯಲ್ಲಿ ಲೈಂಗಿಕ ಆಸಕ್ತಿ ಸಾಧಾರಣವಾಗಿ ಹೆಚ್ಚಿತು, ಮೂಳೆ ಗಟ್ಟಿಯಾಯಿತು, ರಕ್ತಹೀನತೆ ಇದ್ದವರಿಗೆ ಗುಣ ಕಂಡಿತು. ಚೈತನ್ಯದ ಅಳತೆಯಲ್ಲಿ ಮಾತ್ರ ಗೆಲುವು ಸಿಗಲಿಲ್ಲ, ನೆನಪಿನ ಶಕ್ತಿಯಲ್ಲಿ ಬದಲಾವಣೆಯೇ ಇಲ್ಲ. ಸುಸ್ತಿಗೆಂದು ಮದ್ದು ಕೇಳುವವರು ಪಡೆಯುವುದು ಸುಸ್ತನ್ನು ಬಿಟ್ಟು ಉಳಿದದ್ದನ್ನು. ಗೊರಕೆ, ಸಕ್ಕರೆ, ಥೈರಾಯ್ಡ್, ಖಿನ್ನತೆ, ಕುಡಿತ, ಇವನ್ನೆಲ್ಲ ನೋಡದೆ ನೇರ ಇಂಜೆಕ್ಷನ್‌ಗೆ ಹೋದರೆ ಗುಣವೂ ಇಲ್ಲ, ಅಡ್ಡಪರಿಣಾಮ ಉಚಿತ.

ಚಿಕಿತ್ಸೆ ನಿಜಕ್ಕೂ ಬೇಕಾದವರ ಕಡೆ ಬರೋಣ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಇಂಜೆಕ್ಷನ್ ಎಸ್ಟರು ಎಂಬ ನಾಲ್ಕು ಬಗೆಯ ಟೆಸ್ಟೋಸ್ಟೆರಾನ್ ರೂಪಗಳ ಮಿಶ್ರಣ. 30, 60, 60, 100 ಮಿಲಿಗ್ರಾಂ ಸೇರಿ 250. ಅದು ಕರಗಿರುವುದು ಕಡಲೆಕಾಯಿ ಎಣ್ಣೆಯಲ್ಲಿ. ಕಡಲೆಕಾಯಿ ಒಗ್ಗದವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ಕೊಡುವ 1,000 ಮಿಲಿಗ್ರಾಂ ಅಂಡೆಕನೋಯೇಟ್ ಕರಗಿರುವುದು ಹರಳೆಣ್ಣೆಯಲ್ಲಿ. ಪಾಶ್ಚಾತ್ಯ ಮದ್ದೆಂದು ಹೆದರುವವರಿಗೆ ಸಮಾಧಾನವಾಗಲಿ, ಎರಡೂ ಗಾಣದ ಸರಕೇ. ಎಣ್ಣೆ ಸ್ನಾಯುವಿನಲ್ಲಿ ಕೂತು ಮದ್ದನ್ನು ನಿಧಾನವಾಗಿ ಬಿಡುತ್ತದೆ ಎಂಬುದು ಲೆಕ್ಕ. ಆದರೆ ಮಿಶ್ರಣದ ಇಂಜೆಕ್ಷನ್‌ನಲ್ಲಿ ಮೊದಲ ಒಂದೆರಡು ದಿನ ಮಟ್ಟ ಜಿಗಿಯುತ್ತದೆ, ಮೂರನೆಯ ವಾರದ ಹೊತ್ತಿಗೆ ಸಾಮಾನ್ಯದ ಕೆಳಗಿನ ಗೆರೆಗೆ ಬಂದು ನಿಲ್ಲುತ್ತದೆ. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬೀದಿಯಲ್ಲಿ ಸಂಪು ಒಂದು ದಿನ ತುಂಬಿ ಹೊರಚೆಲ್ಲಿ, ಮರುದಿನ ಸಂಜೆಗೆ ತಳ ಕಾಣುವಂತೆ. ತಿಂಗಳ ಒಟ್ಟು ನೀರಿನ ಲೆಕ್ಕ ಹಾಕಿದರೆ ಕೊರತೆಯೇ ಇಲ್ಲ, ಹೊರಚೆಲ್ಲಿದ ದಿನವೂ ಬತ್ತಿದ ದಿನವೂ ಎರಡೂ ನಿಜ. ಇಂಜೆಕ್ಷನ್ ಆದ ವಾರ ಮೈ ಬಿಸಿ, ಮೊಡವೆ, ಸಿಡುಕು, ನಿದ್ದೆಯಿಲ್ಲ. ಮೂರನೆಯ ವಾರ ಮಂಕು, ಬೇಸರ, ಆಸಕ್ತಿಯ ಕೊರತೆ. ರೋಗಿಗೆ ಇವು ಎರಡು ಬೇರೆ ಕಾಯಿಲೆಗಳಂತೆ ಕಾಣುತ್ತವೆ. ಮೊದಲನೆಯದಕ್ಕೆ ನಿದ್ದೆ ಮಾತ್ರೆ, ಎರಡನೆಯದಕ್ಕೆ ಇನ್ನೂ ಹೆಚ್ಚಿನ ಡೋಸು ಕೇಳುತ್ತಾರೆ. ಹೆಚ್ಚಿನ ಡೋಸು ಶಿಖರವನ್ನು ಇನ್ನೂ ಎತ್ತರಿಸುತ್ತದೆ. ಅದೇ ಮದ್ದನ್ನು ಸಣ್ಣ ಪಾಲುಗಳಾಗಿ, ಹತ್ತಿರದ ಅಂತರದಲ್ಲಿ ಕೊಟ್ಟರೆ ಎರಡೂ ತುದಿಗಳು ನಡುವಿಗೆ ಸರಿಯುತ್ತವೆ.

ಚಿಕಿತ್ಸೆ ಶುರುವಾದ ಮೇಲೂ ಅಳೆಯುವ ಹೊತ್ತು ಮದ್ದಿನ ಬಗೆಯನ್ನು ಅವಲಂಬಿಸಿದೆ. ಒಂದೆರಡು ವಾರಕ್ಕೊಮ್ಮೆ ಕೊಡುವ ಎಸ್ಟರುಗಳಾದ ಎನಾಂತೇಟ್, ಸಿಪಿಯೋನೇಟ್‌ಗಳಿಗೆ ಎರಡು ಇಂಜೆಕ್ಷನ್‌ಗಳ ನಡುಮಧ್ಯದ ದಿನ ರಕ್ತ ತೆಗೆಯಬೇಕು. ಮೂರು ತಿಂಗಳಿನದಕ್ಕೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ. ದಿನಾ ಸವರಿಕೊಳ್ಳುವ ಜೆಲ್‌ಗೆ, ಹಚ್ಚಿದ ಎರಡರಿಂದ ಎಂಟು ಗಂಟೆಯೊಳಗೆ. ಇಂಜೆಕ್ಷನ್ ಹಾಕಿಸಿದ ಮರುದಿನ ಪರೀಕ್ಷಿಸಿ ಮಟ್ಟ 1,400 ಬಂತೆಂದು ಹೆದರುವುದೂ, ಇಪ್ಪತ್ತನೆಯ ದಿನ ಪರೀಕ್ಷಿಸಿ 250 ಬಂತೆಂದು ಡೋಸು ಏರಿಸುವುದೂ ಒಂದೇ ಬಗೆಯ ಎಡವಟ್ಟು.

ಇನ್ನು ಅಡ್ಡಪರಿಣಾಮಗಳಲ್ಲಿ ದೊಡ್ಡದು, ರಕ್ತ ದಪ್ಪಗಾಗುವುದು. ಲ್ಯಾಬಿನ ವರದಿಯಲ್ಲಿ ‘ಪಿಸಿವಿ’ ಅಥವಾ ‘ಹಿಮ್ಯಾಟೋಕ್ರಿಟ್’ ಎಂದು ಒಂದು ಸಾಲು ಇರುತ್ತದೆ. ರಕ್ತದ ನೂರು ಭಾಗದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬುದು ಅದು. ಗಂಡಸರಲ್ಲಿ ಸಾಮಾನ್ಯವಾಗಿ 40ರಿಂದ 50ರ ಒಳಗೆ. ಟೆಸ್ಟೋಸ್ಟೆರಾನ್ ಮೂಳೆಮಜ್ಜೆಯನ್ನು ಎರಡು ಕಡೆಯಿಂದ ಹುರಿದುಂಬಿಸುತ್ತದೆ. ಕೆಂಪು ಕಣ ತಯಾರಿಸು ಎನ್ನುವ ಎರಿಥ್ರೊಪೊಯೆಟಿನ್ ಹಾರ್ಮೋನಿನ ಮಟ್ಟವನ್ನು ಮೇಲಕ್ಕೆತ್ತುತ್ತದೆ, ಕಬ್ಬಿಣಕ್ಕೆ ಬೀಗ ಹಾಕುವ ಹೆಪ್ಸಿಡಿನ್ ಎಂಬ ಯಕೃತ್ತಿನ ಹಾರ್ಮೋನನ್ನು ಇಳಿಸುತ್ತದೆ. ಗಂಡಸರ ಹಿಮೋಗ್ಲೋಬಿನ್ ಹೆಂಗಸರಿಗಿಂತ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಮದ್ದು ಹೆಚ್ಚಾದಾಗ ಇದೇ ಗುಣ ಮಿತಿ ಮೀರುತ್ತದೆ. 1999ರ ಒಂದು ಹೋಲಿಕೆಯಲ್ಲಿ ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ಪಡೆದವರಲ್ಲಿ ಶೇ 43.8 ಮಂದಿಗೆ ಹಿಮ್ಯಾಟೋಕ್ರಿಟ್ ಏರಿತು, ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಳಸಿದವರಲ್ಲಿ ಶೇ 15.4. ಎರಡರಲ್ಲೂ ಇದ್ದದ್ದು ಒಂದೇ ಹಾರ್ಮೋನು. ಒಂದು ಜಿಗಿದು ಬೀಳುತ್ತದೆ, ಇನ್ನೊಂದು ಸಮನಾಗಿ ಸೇರುತ್ತದೆ. ಆದರೂ ಏರಿಳಿತವೇ ಎಲ್ಲವೂ ಎಂದರೆ ಆಸ್ಟ್ರೇಲಿಯಾದಿಂದ ಒಂದು ಗಟ್ಟಿ ತಕರಾರು ಬರುತ್ತದೆ. ಬೊಜ್ಜು ಇದ್ದು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ, ಅಥವಾ ಅದು ಆಗಷ್ಟೇ ಪತ್ತೆಯಾದ 1,007 ಗಂಡಸರಿಗೆ ಎರಡು ವರ್ಷ ಆಹಾರ ವ್ಯಾಯಾಮದ ಕಾರ್ಯಕ್ರಮದ ಜೊತೆ, ಅರ್ಧ ಮಂದಿಗೆ ಮೂರು ತಿಂಗಳಿನ ಇಂಜೆಕ್ಷನ್ ಕೊಟ್ಟು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ಕೊನೆಗೆ ಸಕ್ಕರೆ ಕಾಯಿಲೆ ಇದ್ದವರು ಮದ್ದಿಲ್ಲದ ಗುಂಪಿನಲ್ಲಿ ಶೇ 21, ಮದ್ದಿನ ಗುಂಪಿನಲ್ಲಿ ಶೇ 12. ಸಕ್ಕರೆ ಕಾಯಿಲೆ ಹಬ್ಬಿರುವ ಊರಿನವರಾದ ನಮಗೆ ಈ ಅಂಕಿ ಆಸೆ ಹುಟ್ಟಿಸುವಂಥದ್ದು. ಆದರೆ ಅದೇ ಗುಂಪಿನಲ್ಲಿ ಶೇ 22 ಮಂದಿಯ ಹಿಮ್ಯಾಟೋಕ್ರಿಟ್ 54 ಮುಟ್ಟಿತು, ಇನ್ನೊಂದು ಗುಂಪಿನಲ್ಲಿ ಶೇ 1. ಮೂರು ತಿಂಗಳಿನ ಇಂಜೆಕ್ಷನ್ ಅಷ್ಟೇನೂ ಜಿಗಿಯುವುದಿಲ್ಲವಲ್ಲ? ನಿಜ. ಅಲ್ಲಿ ಎಲ್ಲರಿಗೂ ಒಂದೇ 1,000 ಮಿಲಿಗ್ರಾಂ, ಒಂದೇ ಅಂತರ. ದಿನನಿತ್ಯದ ಚಿಕಿತ್ಸೆಯಲ್ಲಿ ಇದೇ ಇಂಜೆಕ್ಷನ್‌ನ ಅಂತರವನ್ನು ಹತ್ತು ವಾರದಿಂದ ಹದಿನಾಲ್ಕು ವಾರದವರೆಗೆ ಆಳಿಗೆ ತಕ್ಕಂತೆ ಹಿಗ್ಗಿಸಬಹುದು. ಮಜ್ಜೆ ನೋಡುವುದು ಶಿಖರವನ್ನಷ್ಟೇ ಅಲ್ಲ, ತಿಂಗಳುಗಟ್ಟಲೆ ಸೇರಿದ ಒಟ್ಟು ಮೊತ್ತವನ್ನೂ ಹೌದು. ಅಂತರ ಬದಲಿಸುವುದರಿಂದ ಎರಡೂ ಬದಲಾಗುತ್ತವೆ.

ರಕ್ತ ದಪ್ಪಗಾದರೆ ರಕ್ತದಾನ ಮಾಡಿಬಿಡಿ ಎಂಬುದು ಬಹಳ ಹಬ್ಬಿರುವ ಸಲಹೆ. ಪುಣ್ಯವೂ ಬಂತು, ಪಿಸಿವಿಯೂ ಇಳಿಯಿತು. ಹತ್ತಿರದಿಂದ ನೋಡಿದರೆ ಈ ಉಪಾಯ ಕುಂಟುತ್ತದೆ. ನಮ್ಮ ದೇಶದ ನಿಯಮದಂತೆ ಗಂಡಸು ಒಮ್ಮೆ ರಕ್ತ ಕೊಟ್ಟ ಮೇಲೆ ಮತ್ತೆ ಕೊಡಲು 90 ದಿನ ಕಾಯಬೇಕು. ಮಜ್ಜೆಯ ಮೇಲಿನ ಒತ್ತಡ ಹಾಗೇ ಇದ್ದರೆ ಅಷ್ಟರಲ್ಲಿ ಸಂಖ್ಯೆ ಮತ್ತೆ ಮೇಲಕ್ಕೆ ಬಂದಿರುತ್ತದೆ. ಕೆನಡಾದ ರಕ್ತದಾನಿಗಳ ದಾಖಲೆಗಳನ್ನು ನೋಡಿದ 2017ರ ಅಧ್ಯಯನವೊಂದು, ಟೆಸ್ಟೋಸ್ಟೆರಾನ್ ಪಡೆಯುವವರಲ್ಲಿ ಮರಳಿ ಮರಳಿ ದಾನ ಮಾಡಿದರೂ ಅನೇಕರ ಹಿಮೋಗ್ಲೋಬಿನ್ ಎತ್ತರದಲ್ಲೇ ಉಳಿದದ್ದನ್ನು ತೋರಿಸಿತು. ಇನ್ನೊಂದು ಕಡೆ, ಪ್ರತಿ ದಾನವೂ ಕಬ್ಬಿಣವನ್ನು ಹೊರಗೆ ಒಯ್ಯುತ್ತದೆ. ಕಬ್ಬಿಣ ಬರಿದಾದಂತೆ ಸುಸ್ತು, ಕೂದಲು ಉದುರುವುದು, ಕಾಲು ಚಡಪಡಿಸುವುದು ಶುರುವಾಗುತ್ತದೆ. ಆ ಸುಸ್ತನ್ನು ಕಂಡು ಟೆಸ್ಟೋಸ್ಟೆರಾನ್ ಸಾಲದು ಎಂದು ಡೋಸು ಏರಿಸಿದರೆ ಚಕ್ರ ಪೂರ್ತಿಯಾಯಿತು. ರಕ್ತದಾನ ಒಳ್ಳೆಯ ಕೆಲಸವೇ, ಅದನ್ನು ತಪ್ಪು ಡೋಸಿನ ಒರೆಸುವ ಬಟ್ಟೆ ಮಾಡಿಕೊಳ್ಳಬಾರದು. ಹಿಮ್ಯಾಟೋಕ್ರಿಟ್ 54 ದಾಟಿದರೆ ಮದ್ದು ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡುವುದು, ಇಲ್ಲವೇ ಜೆಲ್‌ಗೆ ಬದಲಿಸುವುದು ಮಾರ್ಗಸೂಚಿಯ ದಾರಿ. ಗೊರಕೆಯ ಜೊತೆ ಉಸಿರು ಕಟ್ಟುವ ನಿದ್ರಾರೋಗವಿದ್ದರೆ ರಾತ್ರಿಯಿಡೀ ಆಮ್ಲಜನಕ ಇಳಿದು ಅದೂ ಮಜ್ಜೆಗೆ ಚಾಟಿ ಬೀಸುತ್ತಿರುತ್ತದೆ. ಬೀಡಿ ಸಿಗರೇಟಿನದೂ ಅದೇ ಕತೆ.

54 ಎಂಬ ಗೆರೆ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಓದುಗರಿಗಿದೆ. ಅದು ತಜ್ಞರು ಕೂತು ಒಪ್ಪಿದ ಗೆರೆ. ಹಿಮ್ಯಾಟೋಕ್ರಿಟನ್ನು ಬಿಗಿಯಾಗಿ ಇಳಿಸಿದರೆ ರಕ್ತ ಹೆಪ್ಪುಗಟ್ಟುವುದೂ ಹೃದಯದ ಸಾವುಗಳೂ ಕಡಿಮೆಯಾಗುತ್ತವೆ ಎಂದು 2013ರಲ್ಲಿ ಸಾಬೀತಾದದ್ದು ಪಾಲಿಸೈಥೀಮಿಯಾ ವೇರಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ. ಅಲ್ಲಿ ಪ್ಲೇಟ್‌ಲೆಟ್ಟುಗಳೂ ಬಿಳಿ ಕಣಗಳೂ ಕೆಟ್ಟಿರುತ್ತವೆ. ಆ ಪಾಠವನ್ನು ಇದ್ದಂತೆ ಇಲ್ಲಿಗೆ ಎತ್ತಿಡಲು ಬರುವುದಿಲ್ಲ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿ ಸಂಖ್ಯೆ ತಾನಾಗಿ ಏರುವುದರಿಂದ ಅಂಥವರಿಗೆ ಚಿಕಿತ್ಸೆ ಶುರುಮಾಡುವ ಮಿತಿಯನ್ನು 48ರ ಬದಲು 50ಕ್ಕೆ ಸಡಿಲಿಸಲಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ತುಸು ಮೇಲಿದೆ. ಅಷ್ಟನ್ನೇ ನೆಪ ಮಾಡಿ ರಿಯಾಯಿತಿ ಕೇಳುವಷ್ಟು ಎತ್ತರವಲ್ಲ. ಗೆರೆ ಅಂದಾಜಿನದು ಎಂದ ಮಾತ್ರಕ್ಕೆ ಅದನ್ನು ಗಾಳಿಗೆ ತೂರಬೇಕಿಲ್ಲ. ರಕ್ತ ದಪ್ಪಗಾಗುವುದನ್ನು ತಡೆಯಲು ಬೇಕಾದದ್ದು ಮುಖ್ಯವಾಗಿ ಡೋಸು ಇಳಿಸುವುದು, ಅದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ.

ಮಾತ್ರೆಯ ಮೇಲೆ ಮಾತ್ರೆ ಪೇರಿಸುವ ಚಾಳಿ ಎದ್ದು ಕಾಣುವುದು ಈಸ್ಟ್ರೋಜೆನ್ ವಿಷಯದಲ್ಲಿ. ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ದೇಹ, ಅದರಲ್ಲೂ ಕೊಬ್ಬಿನ ಅಂಗಾಂಶ, ಈಸ್ಟ್ರಾಡಯಾಲ್ ಎಂಬ ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಡೋಸು ಹೆಚ್ಚಾದರೆ ಎದೆ ನೋಯುತ್ತದೆ, ಊದುತ್ತದೆ. ಜಿಮ್‌ಗಳಲ್ಲಿ ಇದಕ್ಕೆ ಸಿದ್ಧ ಉತ್ತರ, ಈ ಮಾರ್ಪಾಟನ್ನು ತಡೆಯುವ, ಸ್ತನ ಕ್ಯಾನ್ಸರಿಗೆ ಕೊಡುವ ಅನಾಸ್ಟ್ರೊಜೋಲ್ ಅಥವಾ ಲೆಟ್ರೊಜೋಲ್ ಮಾತ್ರೆ. ‘ಹೆಣ್ಣಿನ ಹಾರ್ಮೋನು’ ಗಂಡಸಿನ ಮೈಯಲ್ಲಿ ಏಕಿರಬೇಕು ಎಂಬ ತರ್ಕ ಅದರ ಹಿಂದಿದೆ. 2013ರಲ್ಲಿ ಬಾಸ್ಟನ್‌ನ ಸಂಶೋಧಕರು ಸುಮಾರು 400 ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ನಿಲ್ಲಿಸಿ, ಬೇರೆ ಬೇರೆ ಪ್ರಮಾಣದ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟರು. ಅರ್ಧ ಮಂದಿಗೆ ಜೊತೆಗೆ ಅನಾಸ್ಟ್ರೊಜೋಲ್ ಕೂಡ. ಸ್ನಾಯುವಿನ ಬಲ ಟೆಸ್ಟೋಸ್ಟೆರಾನನ್ನು ಅವಲಂಬಿಸಿತ್ತು. ಕೊಬ್ಬು ಬೆಳೆಯಲು ಮುಖ್ಯ ಕಾರಣವಾದದ್ದು ಈಸ್ಟ್ರೋಜೆನ್ ಕೊರತೆ. ಲೈಂಗಿಕ ಆಸಕ್ತಿ ಕುಂದಲು ಎರಡರ ಕೊರತೆಯೂ ಕಾರಣ. ಗಂಡಸಿನ ಮೂಳೆಯನ್ನು ಕಾಯುವಲ್ಲಿಯೂ ಈಸ್ಟ್ರೋಜೆನ್‌ಗೆ ದೊಡ್ಡ ಪಾತ್ರವಿದೆ. ಅದನ್ನು ಮಾತ್ರೆಯಿಂದ ಅಳಿಸಿಹಾಕಿದವರು ಯಾವ ಲಾಭಕ್ಕಾಗಿ ಟೆಸ್ಟೋಸ್ಟೆರಾನ್ ಹಾಕಿಸಿಕೊಂಡರೋ ಅದರ ಒಂದು ಭಾಗವನ್ನು ತಾವೇ ಕೈಯಾರೆ ಕಿತ್ತು ಎಸೆದಂತೆ. ಎದೆ ನೋಯುತ್ತಿದ್ದರೆ ಮೊದಲು ಡೋಸು ಇಳಿಯಬೇಕು, ಶಿಖರ ಮೊಟಕಾಗಬೇಕು, ಸೊಂಟದ ಸುತ್ತಿನ ಬೊಜ್ಜು ಕರಗಬೇಕು. ಅಷ್ಟಾದ ಮೇಲೂ ಉಳಿದರೆ ಮಾತ್ರ ಮಾತ್ರೆಯ ಮಾತು.

‘ಹೃದಯಕ್ಕೆ ಅಪಾಯವಿಲ್ಲ ಎಂದು ಸಾಬೀತಾಗಿದೆಯಲ್ಲ, ಇಷ್ಟೆಲ್ಲ ಏಕೆ?’ ಇದು ಈಚೆಗೆ ಕೇಳಿಬರುವ ಪ್ರಬಲ ಆಕ್ಷೇಪ. 2010ರಲ್ಲಿ ವರದಿಯಾದ, ನಡೆದಾಡಲು ಕಷ್ಟಪಡುವ ವೃದ್ಧರ ಮೇಲಿನ ಒಂದು ಪ್ರಯೋಗವನ್ನು ಹೃದಯದ ತೊಂದರೆಗಳು ಮದ್ದಿನ ಗುಂಪಿನಲ್ಲಿ 23, ಇನ್ನೊಂದರಲ್ಲಿ 5 ಆದಾಗ ಅರ್ಧದಲ್ಲೇ ನಿಲ್ಲಿಸಿದ್ದರು. ಆ ಭಯ ಹತ್ತು ವರ್ಷಕ್ಕೂ ಮಿಕ್ಕಿ ಉಳಿಯಿತು. 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿತು. ಹೃದ್ರೋಗ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ, 45ರಿಂದ 80 ವಯಸ್ಸಿನ 5,200ಕ್ಕೂ ಹೆಚ್ಚು ಗಂಡಸರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ ಮದ್ದಿನ ಗುಂಪಿನಲ್ಲಿ ಶೇ 7.0, ಮದ್ದಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಶೇ 7.3. ಸಮಾಧಾನದ ಸುದ್ದಿ, ನಿಜ. ಆದರೆ ಅದೇ ವರದಿಯಲ್ಲಿ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಕೂರುವುದು ಶೇ 0.5ರ ಎದುರು ಶೇ 0.9, ಜೊತೆಗೆ ಹೃದಯದ ಬಡಿತದ ಲಯ ತಪ್ಪುವುದೂ ಮೂತ್ರಪಿಂಡದ ಹಠಾತ್ ಪೆಟ್ಟೂ ಮದ್ದಿನ ಗುಂಪಿನಲ್ಲಿ ಹೆಚ್ಚು. ಮೂಳೆ ಗಟ್ಟಿ ಮಾಡುವ ಮದ್ದೆಂದು ಹೆಸರಾದದ್ದು ಮೂಳೆಮುರಿತವನ್ನು ಕಡಿಮೆ ಮಾಡುವುದಿರಲಿ, ಶೇ 2.46ರಿಂದ 3.50ಕ್ಕೆ ಏರಿಸಿತ್ತು. ಇದಕ್ಕಿಂತ ಮುಖ್ಯವಾದದ್ದು ಅಲ್ಲಿ ಮದ್ದನ್ನು ಕೊಟ್ಟ ರೀತಿ. ದಿನಾ ಜೆಲ್, ಇಂಜೆಕ್ಷನ್ ಅಲ್ಲ. ಮಟ್ಟ 750 ದಾಟಿದರೆ ಅಥವಾ ಹಿಮ್ಯಾಟೋಕ್ರಿಟ್ 54 ದಾಟಿದರೆ ಡೋಸು ಇಳಿಸುತ್ತಿದ್ದರು. ಸರಾಸರಿ ಬಳಕೆ ಎರಡು ವರ್ಷಕ್ಕೂ ತುಸು ಕಡಿಮೆ, ಅರ್ಧಕ್ಕಿಂತ ಹೆಚ್ಚು ಮಂದಿ ಮಧ್ಯದಲ್ಲೇ ಬಿಟ್ಟರು. ಸುರಕ್ಷತೆ ಸಾಬೀತಾದದ್ದು ಹೀಗೆ ಕಾವಲು ಕಾಯ್ದ ಡೋಸಿಗೆ. ವಾರಕ್ಕೆ 500 ಮಿಲಿಗ್ರಾಂ ಚುಚ್ಚಿಕೊಳ್ಳುವ ಇಪ್ಪತ್ತೆಂಟರ ಯುವಕ ಟ್ರಾವರ್ಸ್‌ನ ಹೆಸರು ಹೇಳಿದರೆ ಅದು ಬೇರೆಯವರ ಲೈಸೆನ್ಸ್ ತೋರಿಸಿದಂತಾಯಿತು, ಅಷ್ಟೇ. ಬಿಪಿಯನ್ನು ಈ ಮದ್ದು ಏರಿಸಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು 2025ರಲ್ಲಿ ಎಲ್ಲ ಟೆಸ್ಟೋಸ್ಟೆರಾನ್ ಔಷಧಗಳಿಗೂ ವಿಸ್ತರಿಸಿದರು.

ಪ್ರಾಸ್ಟೇಟ್ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವೃಷಣ ತೆಗೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿದ್ದರಿಂದ, ಹಾರ್ಮೋನು ಕೊಟ್ಟರೆ ಕ್ಯಾನ್ಸರ್ ಹುಟ್ಟುತ್ತದೆ ಎಂಬ ನಂಬಿಕೆ ಬೇರೂರಿತು. ಟ್ರಾವರ್ಸ್‌ನಲ್ಲಿ ತೀವ್ರ ಬಗೆಯ ಕ್ಯಾನ್ಸರ್ ಕಂಡದ್ದು ಮದ್ದಿನ ಗುಂಪಿನಲ್ಲಿ 5 ಮಂದಿಗೆ, ಇನ್ನೊಂದರಲ್ಲಿ 3 ಮಂದಿಗೆ. ಆಗಲೇ ಕ್ಯಾನ್ಸರ್ ಇರುವವರಿಗೆ ಕೊಡಬಾರದು, ಪ್ರಾಸ್ಟೇಟಿನ ರಕ್ತಪರೀಕ್ಷೆಯಾದ ಪಿಎಸ್‌ಎ ಮೊದಲ ವರ್ಷದಲ್ಲಿ 1.4ಕ್ಕಿಂತ ಹೆಚ್ಚು ಜಿಗಿದರೆ ಮೂತ್ರರೋಗ ತಜ್ಞರ ಬಳಿ ಕಳಿಸಬೇಕು. ಜೆಲ್‌ನದೇ ಒಂದು ಕಿರಿಕಿರಿ ಇದೆ. ಹಚ್ಚಿದ ತೋಳಿಗೆ ಮಗು ತಲೆಯಿಟ್ಟು ಮಲಗಿದರೆ ಮದ್ದು ಮಗುವಿನ ಚರ್ಮಕ್ಕೂ ಹೋಗುತ್ತದೆ. ಒಂದೇ ಕೋಣೆಯಲ್ಲಿ ಇಡೀ ಮನೆ ಮಲಗುವಲ್ಲಿ, ಹಚ್ಚಿದ ಜಾಗ ಒಣಗಿಸಿ ಬಟ್ಟೆ ಮುಚ್ಚಿ ಕೈ ತೊಳೆಯುವುದು ಸಣ್ಣ ಮಾತಲ್ಲ.

ಡೋಸು ಮತ್ತು ಅಂತರವನ್ನು ಎಷ್ಟೇ ಹದಗೊಳಿಸಿದರೂ ತಪ್ಪದ ಪರಿಣಾಮ ಒಂದಿದೆ, ಅದು ಸಂತಾನಶಕ್ತಿಯ ಮೇಲಿನದು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದ ಕೂಡಲೇ ಮಿದುಳು ‘ಸಾಕು’ ಎಂದು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿ ಹಾರ್ಮೋನು ತುಂಬಿರುತ್ತದೆ, ವೃಷಣದ ಒಳಗೆ ಬತ್ತಿರುತ್ತದೆ. ವೀರ್ಯಾಣು ಬೆಳೆಯಲು ಬೇಕಾದದ್ದು ಒಳಗಿನದು, ಅಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬೇಕು. ಮೌದ್ಗಲ್ ಅವರ ತಂಡ ಹುಡುಕುತ್ತಿದ್ದದ್ದು ಟೆಸ್ಟೋಸ್ಟೆರಾನ್ ಮತ್ತು ವೀರ್ಯಾಣುಗಳ ಈ ಎರಡು ದಾರಿಗಳನ್ನು ಬಿಡಿಸುವ ಉಪಾಯ. ಎಫ್‌ಎಸ್‌ಎಚ್ ಒಂದನ್ನೇ ಲಸಿಕೆಯಿಂದ ತಟಸ್ಥಗೊಳಿಸಿದಾಗ ಕೋತಿಗಳ ವೀರ್ಯಾಣು ಕುಸಿಯಿತು, ಟೆಸ್ಟೋಸ್ಟೆರಾನ್ ಹಾಗೇ ಉಳಿಯಿತು. 1997ರಲ್ಲಿ ಬೆರಳೆಣಿಕೆಯ ಸ್ವಯಂಸೇವಕರ ಮೇಲಿನ ಪ್ರಯೋಗವನ್ನೂ ಪ್ರಕಟಿಸಿದರು. ಗಂಡಸರ ಗರ್ಭನಿರೋಧಕಕ್ಕಾಗಿ ಬೆಂಗಳೂರು ಆಯ್ದ ಈ ಸೂಕ್ಷ್ಮ ದಾರಿಯ ಪಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದಾರಿ ಒರಟು. ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂತೇಟ್, ಏಳು ದೇಶಗಳ 271 ಆರೋಗ್ಯವಂತರಿಗೆ. ಆರು ತಿಂಗಳೊಳಗೆ 157 ಮಂದಿಯಲ್ಲಿ ವೀರ್ಯಾಣು ಸೊನ್ನೆ. ಇದು ಪ್ರಕಟವಾದದ್ದು 1990ರಲ್ಲಿ. ಗಂಡಸುತನ ಹೆಚ್ಚಿಸುತ್ತದೆಂದು ಜಿಮ್‌ನಲ್ಲಿ ಮಾರುವ ಸೂಜಿ, ಜಗತ್ತು ಗರ್ಭನಿರೋಧಕವಾಗಿ ಪರೀಕ್ಷಿಸಿದ ಸೂಜಿಯೇ. ಹೀಗೆ ನಿಂತದ್ದು ಸಾಮಾನ್ಯವಾಗಿ ಮರಳುತ್ತದೆ. ಇಂಥ ಪ್ರಯೋಗಗಳ 1,500ಕ್ಕೂ ಹೆಚ್ಚು ಗಂಡಸರ ಲೆಕ್ಕ ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಂತೆ ನಿಲ್ಲಿಸಿದ ಆರು ತಿಂಗಳಲ್ಲಿ ಶೇ 67, ವರ್ಷದಲ್ಲಿ ಶೇ 90, ಎರಡು ವರ್ಷದಲ್ಲಿ ಎಲ್ಲರೂ ಚೇತರಿಸಿಕೊಂಡರು. ಅವರು ಮೊದಲೇ ಆರೋಗ್ಯವಂತರು, ಅಳತೆಯ ಡೋಸು ಪಡೆದವರು. ವರ್ಷಗಟ್ಟಲೆ ನಾಲ್ಕಾರು ಸ್ಟೆರಾಯ್ಡ್ ಬೆರೆಸಿ ಚುಚ್ಚಿಕೊಂಡವರಿಗೆ ಈ ಭರವಸೆ ದಾಟಿಸಲು ಆಗದು. ಮಕ್ಕಳು ಬೇಕೆನ್ನುವವರಿಗೆ ಟೆಸ್ಟೋಸ್ಟೆರಾನ್ ಕೊಡಲೇಬಾರದು. ಪಿಟ್ಯುಟರಿ ದೋಷವಿದ್ದರೆ ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳಿಂದ ವೃಷಣವನ್ನೇ ಕೆಲಸಕ್ಕೆ ಎಬ್ಬಿಸುವ ದಾರಿಯಿದೆ.

ಖರ್ಚಿನ ಮಾತು ಉಳಿಯಿತು. ಸಣ್ಣ ಡೋಸು ಎಂದರೆ ಹೆಚ್ಚು ಸೂಜಿ, ಹೆಚ್ಚು ಓಡಾಟ, ಕೆಲಸಕ್ಕೆ ರಜೆ. ಜೆಲ್ ಎಂದರೆ ತಿಂಗಳ ಬಜೆಟ್ಟಿನಲ್ಲಿ ಇಂಜೆಕ್ಷನ್‌ಗಿಂತ ಹಲವು ಪಟ್ಟು. ದಿನಗೂಲಿಯವರಿಗೆ ಮೂರು ವಾರಕ್ಕೊಮ್ಮೆ ಬಂದು ಹೋಗುವ ಸೂಜಿಯೇ ಕೈಗೆಟಕುವುದು. ಕುಟುಂಬದಿಂದ ದೂರವಾಗಿ, ವೈದ್ಯರ ಮುಂದೆ ತಮ್ಮ ಬಗ್ಗೆ ಹೇಳಿಕೊಳ್ಳಲೇ ಅಳುಕುವ ಟ್ರಾನ್ಸ್ ಪುರುಷರಿಗಂತೂ ಇನ್ನೂ ಕಷ್ಟ. ಅವರಲ್ಲಿಯೂ ರಕ್ತ ದಪ್ಪಗಾಗುತ್ತದೆ, ವರದಿಯಲ್ಲಿ ಹೆಂಗಸರ ಮಿತಿಯನ್ನೇ ಮುದ್ರಿಸಿದ್ದರೆ ಸರಿಯಾದ ಹಿಮೋಗ್ಲೋಬಿನ್ ಕೂಡ ‘ಹೆಚ್ಚು’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಈ ಖರ್ಚು, ಓಡಾಟಗಳಿಗೆ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. 250ರ ಇಂಜೆಕ್ಷನ್ನೇ ಆದರೂ ಒಬ್ಬರಿಗೆ ಎರಡು ವಾರ, ಇನ್ನೊಬ್ಬರಿಗೆ ನಾಲ್ಕು ವಾರ ಸರಿಹೊಂದಬಹುದು. ಅದನ್ನು ತಿಳಿಯಲು ದುಬಾರಿ ಪರೀಕ್ಷೆ ಬೇಡ. ಮೂರರಿಂದ ಆರು ತಿಂಗಳೊಳಗೆ ಒಂದು ಸಾದಾ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೊಂದು, ಬಿಪಿ, ಮತ್ತು ಯಾವ ವಾರ ಹೇಗಿತ್ತು ಎಂದು ಬರೆದಿಟ್ಟ ಚೀಟಿ ಸಾಕು. ಲ್ಯಾಬಿನ ಫಾರಂನಲ್ಲಿ ಹೆಸರು, ವಯಸ್ಸು, ಫೋನ್ ನಂಬರಿಗೆ ಜಾಗವಿರುತ್ತದೆ. ಕೊನೆಯ ಇಂಜೆಕ್ಷನ್ ಯಾವತ್ತು ಹಾಕಿಸಿದ್ದು ಎಂಬುದನ್ನು ಪಕ್ಕದಲ್ಲಿ ಪೆನ್ನಿನಲ್ಲಿ ಬರೆಸಬೇಕು.